ಬಣ್ಣದ ಓಣಿಯ ಗುರುತು

ನೂಲಗೇರಿ
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೧೯೭

ಅಜ್ಜಿ ಬನವ್ವ,

ಮೇಲಿನ ದಿನಾಂಕ ನೋಡಿದರೆ ಇದು ಯಾವಳೋ ತಲೆಕೆಟ್ಟವಳ ಬರಹ ಎಂದು ನಿನಗೆ ಅನ್ನಿಸಬಹುದು. ನಮ್ಮಲ್ಲಿ ಈಗ ತಿಂಗಳುಗಳಿಲ್ಲ. ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದು ಗಾಳಿಗಾಲ, ಕೊನೆಗೆ ಚೂರುಪಾರು ಮಳೆ. ಯಾವ ಕಾಲದ ಎಷ್ಟನೆಯ ದಿನ ಎಂದಷ್ಟೇ ಹೇಳುತ್ತೇವೆ. ನನ್ನ ಮಾತುಗಳೂ ನಿನಗೆ ಪರಊರಿನವರ ಮಾತಿನಂತೆ ಕೇಳಿಸಬಹುದು, ಕ್ಷಮಿಸು. ನಿನಗೆ ಓದಲು ಬರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಬರೆಯಲೇಬೇಕು, ಇದು ನಮ್ಮ ಬಣ್ಣದ ಓಣಿಯ ಪದ್ಧತಿ. ಇದಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನವರಿಗೆ ಬರೆದ ಓಲೆ. ಮಗಳ ಆರತಿಗೆ ಮೊದಲು ತಾಯಿಯಾದವಳು ನಿನಗೊಂದು ಹಿಂದೋಲೆ ಬರೆದು, ನೆರೆದವರ ಮುಂದೆ ಓದಿ, ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿರುವ ನಿನ್ನ ಕಲ್ಲಿನ ಮೂರ್ತಿಯ ಕಾಲ ಬಳಿ ಇಡಬೇಕು. ಎಲ್ಲ ತಾಯಂದಿರೂ ಬರೆಯುವುದು ಒಂದೇ: ಎಲ್ಲರಿಗಿಂತ ಮೊದಲು ನೀನು ರಕ್ತ ಕೊಟ್ಟೆ, ಅದರಿಂದ ನಮ್ಮ ದೋಷ ಪತ್ತೆಯಾಯಿತು, ನಿನ್ನ ಉಪಕಾರದಿಂದ ನಮ್ಮ ಹೆಣ್ಣುಮಕ್ಕಳು ಬದುಕಿದರು. ನನ್ನ ಅವ್ವ ನನಗಾಗಿ ಬರೆದದ್ದೂ ಅದನ್ನೇ. ನಾನು ಹಾಗೆ ಬರೆಯಲಾರೆ. ನನಗೆ ನಿನ್ನ ಮೇಲೆ ಸಿಟ್ಟಿದೆ.

ನಾನು ದವನ, ನಿನ್ನ ಹಿರಿಮಗಳ ಕಡೆಯಿಂದ ಏಳನೆಯ ತಲೆಮಾರಿನವಳು. ನನ್ನ ಮಗಳು ನೇಸರಿಗೆ ಹದಿನಾರು ತುಂಬಿದೆ. ಬರುವ ವಾರ ಅವಳ ಮುಂಗೊಯ್ಲು. ಈ ಪದವೂ ನಿನ್ನ ಕಾಲದಲ್ಲಿರಲಿಲ್ಲ. ರೋಗ ಬರುವ ಮೊದಲೇ, ಅದು ಬಂದೀತು ಎನ್ನುವ ಅಂಗವನ್ನು ಕೊಯ್ದು ತೆಗೆದುಬಿಡುವುದಕ್ಕೆ ಮುಂಗೊಯ್ಲು ಎಂದು ಹೆಸರು. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ತೆಗೆಯುವುದು ಮೂತ್ರಕೋಶವನ್ನು. ನಿನ್ನನ್ನು ಕೊಂದದ್ದು ಮೂತ್ರಕೋಶದ ಕ್ಯಾನ್ಸರು. ನಿನ್ನ ತಂಗಿಯನ್ನು, ನಿನ್ನ ನೆಗೆಣ್ಣಿಯನ್ನು, ಅಕ್ಕಪಕ್ಕದ ಮನೆಗಳ ಎಷ್ಟೋ ಹೆಂಗಸರನ್ನು ಕೊಂದದ್ದೂ ಅದೇ. ಅದಕ್ಕೆ ಕಾರಣವಾದ ವಂಶವಾಹಿ ನಮ್ಮ ರಕ್ತದಲ್ಲಿದೆ ಎಂದು ನಿನ್ನ ಕಾಲದ ಕಂಪ್ಯೂಟರು ಹೇಳಿತು. ಆ ವಂಶವಾಹಿಗೆ ನಮ್ಮೂರ ಹೆಸರನ್ನೇ ಇಟ್ಟರು, ನೂಲಗೇರಿ ಗುರುತು ಎಂದು. ಅಂದಿನಿಂದ ನಾವು ಗುರುತಿನವರು. ಹದಿನಾರು ತುಂಬುತ್ತಲೇ ನಮ್ಮನ್ನು ಮಲಗಿಸಿ ಹೊಟ್ಟೆ ಬಗೆದು, ಹೊಕ್ಕುಳ ಪಕ್ಕ ಒಂದು ತೂತು ಬಿಟ್ಟು, ಅದಕ್ಕೆ ಉಚ್ಚೆ ತುಂಬಿಕೊಳ್ಳುವ ಒಂದು ಚೀಲ ಅಂಟಿಸಿ ಕಳಿಸುತ್ತಾರೆ. ಆ ಚೀಲ ಸಾಯುವ ತನಕ ಜೊತೆಗಿರುತ್ತದೆ.

ನಮ್ಮ ಬದುಕು ಹೇಗಿದೆ ಎಂದು ನಿನಗೆ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿನಗೆ ತಿಳಿಯುವುದಿಲ್ಲ. ಬಿಸಿಲು ಏರಿದ ಮೇಲೆ ಊರು ಮಲಗುತ್ತದೆ, ಇಳಿದ ಮೇಲೆ ಏಳುತ್ತದೆ. ಸೀರೆಗಳು ಈಗಲೂ ಇವೆ, ಮಗ್ಗಗಳೂ ಇವೆ, ಆದರೆ ನೂಲಿಗೆ ಯಾರೂ ಬಣ್ಣ ಹಾಕುವುದಿಲ್ಲ. ಬಣ್ಣಹುಳು ಎಂಬ ರೇಷ್ಮೆಹುಳು ಇದೆ. ಅದು ಕೆಂಪು ಬೇಕೆಂದರೆ ಕೆಂಪು, ಹಸಿರು ಬೇಕೆಂದರೆ ಹಸಿರು ನೂಲನ್ನೇ ಉಗುಳುತ್ತದೆ. ನಮ್ಮ ಹೆಂಗಸರ ಸೀರೆಯ ನೆರಿಗೆಯ ಒಳಗೆ ಚೀಲಕ್ಕೆಂದು ಒಂದು ಜೇಬು ಹೊಲಿಯುತ್ತಾರೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗುಡಿಯ ಹಿಂದೆ ಚೀಲಗಟ್ಟೆಗಳಿವೆ. ನಾವು ಸಾಲಾಗಿ ಕುಳಿತು ಚೀಲ ಬರಿದು ಮಾಡುತ್ತ ಅತ್ತೆಯರನ್ನು ಬೈಯುತ್ತೇವೆ. ಓಣಿಯ ಅರ್ಧ ಮದುವೆಗಳು ಆ ಕಟ್ಟೆಯ ಮೇಲೇ ಕುದುರುವುದು. ಬೇರೆಯವರು ನಮ್ಮಲ್ಲಿ ಹೆಣ್ಣು ಕೇಳುವುದಿಲ್ಲ, ಗುರುತು ತಮ್ಮ ಮನೆಗೆ ಬರಬಾರದೆಂದು. ಹೀಗಾಗಿ ಗುರುತಿನವರು ಗುರುತಿನವರಲ್ಲೇ ಕೊಟ್ಟು ತರುತ್ತೇವೆ, ನಮ್ಮ ರಕ್ತ ಇನ್ನಷ್ಟು ಗಟ್ಟಿಯಾಗಿ ಒಂದೇ ಬಗೆಯದಾಗುತ್ತದೆ, ಅದನ್ನು ತೋರಿಸಿ, ನೋಡಿ ಗುರುತು ಎಷ್ಟು ಬಲವಾಗಿದೆ ಎನ್ನುತ್ತಾರೆ. ಮುಂಗೊಯ್ಲು ಆದ ಹುಡುಗಿ ಮನೆಗೆ ಬಂದಾಗ ಚೀಲದಾರತಿ ಮಾಡುತ್ತೇವೆ. ನಿನ್ನ ಕಾಲದಲ್ಲಿ ಹುಡುಗಿ ದೊಡ್ಡವಳಾದಾಗ ಕೂರಿಸಿ ಆರತಿ ಎತ್ತುತ್ತಿದ್ದಿರಲ್ಲ, ಈಗ ಇದಕ್ಕೆ ಹಾಗೆ ಮಾಡುತ್ತೇವೆ. ಹೊಸ ಸೀರೆ, ಮುಡಿ ತುಂಬ ಹೂ, ಶೇಂಗಾ ಹೋಳಿಗೆ. ನಮ್ಮ ಮೇಲೆ ಆದ ಅನ್ಯಾಯಕ್ಕೆ ನಾವೇ ಹೋಳಿಗೆ ತಟ್ಟುತ್ತಿದ್ದೇವೆ.

ಗುರುತು ಹಿಡಿದ ಆ ಲೆಕ್ಕ ಹೇಗಾಯಿತು ಎಂದು ಹೇಳುತ್ತೇನೆ. ನಗರದ ದೊಡ್ಡಾಸ್ಪತ್ರೆಗೆ ನಮ್ಮ ಓಣಿಯಿಂದ ಒಬ್ಬರ ಹಿಂದೊಬ್ಬರಂತೆ ಹೆಂಗಸರು ಬರತೊಡಗಿದರು, ಎಲ್ಲರಿಗೂ ಒಂದೇ ರೋಗ. ಅಲ್ಲಿನವರು ಕೆಟ್ಟವರಲ್ಲ, ಕಳವಳಪಟ್ಟರು. ನಿಮ್ಮೆಲ್ಲರ ರಕ್ತ ತೆಗೆದುಕೊಂಡು, ಅದರಲ್ಲಿರುವ ವಂಶವಾಹಿಗಳನ್ನೆಲ್ಲ ಓದಿಸಿ ಕಂಪ್ಯೂಟರಿಗೆ ಕೊಟ್ಟರು. ರೋಗವಿಲ್ಲದವರ ರಕ್ತವೂ ಬೇಕಲ್ಲ, ಹೋಲಿಸಿ ನೋಡಲು? ಅದನ್ನು ನಗರದಲ್ಲೇ, ಕೈಗೆ ಸಿಕ್ಕ ಆರೋಗ್ಯವಂತರಿಂದ ತೆಗೆದುಕೊಂಡರು. ಒಂದು ಕಡೆ ಬಣ್ಣದ ಓಣಿ, ಇನ್ನೊಂದು ಕಡೆ ಇಡೀ ನಗರ. ಈಗ ನೀನೇ ಯೋಚಿಸು. ಸೋದರಮಾವನಿಗೆ ಕೊಟ್ಟು, ಅತ್ತೆಯ ಮಗಳನ್ನು ತಂದು, ನೂರಾರು ವರ್ಷ ಒಂದೇ ಓಣಿಯೊಳಗೆ ಬೀಗತನ ಮಾಡಿದ ಮಂದಿ ನಾವು. ನಮ್ಮೆಲ್ಲರಲ್ಲೂ ಇದ್ದು ನಗರದವರಲ್ಲಿ ಇಲ್ಲದ್ದು ರಕ್ತದಲ್ಲಿ ಏನಾದರೂ ಇದ್ದೇ ಇರುತ್ತದೆ, ಮನೆಮಂದಿಗೆಲ್ಲ ಒಂದೇ ಮೂಗು ಇರುವ ಹಾಗೆ. ಕಂಪ್ಯೂಟರು ಅದನ್ನು ಹಿಡಿಯಿತು. ರೋಗಿಗಳಲ್ಲೆಲ್ಲ ಇದೆ, ಆರೋಗ್ಯವಂತರಲ್ಲಿ ಇಲ್ಲ, ಆದ್ದರಿಂದ ಇದೇ ಕಾರಣ ಎಂದು ಅದರ ಮುಂದೆ ಕುಳಿತವರು ತೀರ್ಮಾನಿಸಿದರು.

ಅವರು ಅವಸರ ಮಾಡಲಿಲ್ಲ ಎಂದೂ ಹೇಳಬೇಕು. ವಯಸ್ಸು ಕೇಳಿದ್ದರು, ತಂಬಾಕು ಕೇಳಿದ್ದರು, ಊಟ ಕೇಳಿದ್ದರು, ಕುಡಿಯುವ ನೀರು ಯಾವುದೆಂದು ಕೇಳಿದ್ದರು. ಏನು ಕೆಲಸ ಎಂದೂ ಕೇಳಿದ್ದರು. ಅದಕ್ಕೆ ಓಣಿಯ ಪ್ರತಿಯೊಬ್ಬ ಹೆಂಗಸಿನ ಉತ್ತರವೂ ಒಂದೇ: ಕೆಲಸವಿಲ್ಲ, ಮನೆಯಲ್ಲಿರುತ್ತೇವೆ. ಎಲ್ಲರದ್ದೂ ಒಂದೇ ಉತ್ತರವಾದಾಗ ಅದರಿಂದ ಲೆಕ್ಕಕ್ಕೆ ಏನೂ ಪ್ರಯೋಜನವಿಲ್ಲ. ಆ ಅಂಕಣವನ್ನು ತೆಗೆದುಹಾಕಿದರು. ಲೆಕ್ಕ ಖಚಿತಪಡಿಸಿಕೊಳ್ಳಲು ನಮ್ಮ ಬೀಗರೇ ತುಂಬಿದ ಇನ್ನೊಂದು ಊರಿನವರ ರಕ್ತ ತರಿಸಿಕೊಂಡರು. ಅಲ್ಲೂ ಅದೇ ಗುರುತು, ಅದೇ ರೋಗ. ಅಲ್ಲಿಯ ಹೆಂಗಸರೂ ಮನೆಯಲ್ಲೇ ಇರುವವರು. ಗಂಡಸರಲ್ಲಿ ಗುರುತಿದ್ದರೂ ರೋಗವಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ಗಂಡಸರಲ್ಲಿ ಗುರುತು ನಿದ್ದೆ ಮಾಡುತ್ತದೆ ಎಂದು ಉತ್ತರ ಬಂತು. ದೂರದೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ರೋಗವಿರಲಿಲ್ಲ. ಅವರಲ್ಲಿ ತಡವಾಗಿ ಏಳುತ್ತದೆ ಎಂದರು. ಏಳಲಿಲ್ಲ. ಆ ಹೊತ್ತಿಗೆ ಗುರುತು ಹುಡುಕಿದವರಿಗೆ ಶಾಲು ಹೊದಿಸಿಯಾಗಿತ್ತು.

ಆಮೇಲೆ ಎರಡು ಸಂಗತಿ ಒಟ್ಟಿಗೆ ನಡೆದವು. ಬಣ್ಣಹುಳು ಬಂತು, ಓಣಿಯ ಬಣ್ಣದ ಹಂಡೆಗಳು ಗುಜರಿಗೆ ಹೋದವು. ಅದೇ ಕಾಲಕ್ಕೆ ಮುಂಗೊಯ್ಲು ಕಾನೂನಾಯಿತು. ಕೆಲವು ವರ್ಷಗಳಲ್ಲಿ ರೋಗ ನಿಂತೇ ಹೋಯಿತು. ಹಂಡೆ ಹೋದದ್ದಕ್ಕೆ ನಿಂತಿತೋ, ಹೊಟ್ಟೆ ಕೊಯ್ದದ್ದಕ್ಕೆ ನಿಂತಿತೋ ಎಂದು ಒಬ್ಬರೂ ಕೇಳಲಿಲ್ಲ. ಕೊಯ್ದವರು ಹೆಸರು ಹೊಡೆದುಕೊಂಡರು, ನಿನ್ನ ಮೂರ್ತಿ ನಿಲ್ಲಿಸಿದರು.

ನಾನು ಮರುಲೆಕ್ಕದ ಮನೆಯಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಕಾಲದ ಯಂತ್ರಗಳನ್ನು ಕರಗಿಸುವ ಮೊದಲು ಅವುಗಳಲ್ಲಿರುವ ಲೆಕ್ಕಗಳನ್ನು ಇನ್ನೊಮ್ಮೆ ಮಾಡಿ, ಉತ್ತರ ಹೊಂದಿದರೆ ಮುದ್ರೆ ಹಾಕಿ ಕಳಿಸುವುದು ನಮ್ಮ ಕೆಲಸ. ಯಾರೂ ಮೆಚ್ಚದ, ಯಾರಿಗೂ ಬೇಡದ ಕೆಲಸ. ನೇಸರಿಯ ದಿನ ಗೊತ್ತಾದ ಮೇಲೆ ನನಗೆ ಕುತೂಹಲವಾಗಿ ನಮ್ಮ ಗುರುತಿನ ಲೆಕ್ಕವನ್ನೇ ತೆಗೆದುಕೊಂಡೆ. ಅವರು ಮಾಡಿದಂತೆಯೇ ಮಾಡಿದೆ, ಅವರ ಉತ್ತರವೇ ಬಂತು. ಮುದ್ರೆ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಅವ್ವನ ಮುಖ ನೆನಪಾಗಿ, ಸುಮ್ಮನೆ ಇನ್ನೊಂದು ಹೋಲಿಕೆ ಮಾಡಿ ನೋಡಿದೆ. ನಗರದವರನ್ನು ಬಿಟ್ಟು, ನಮ್ಮ ಓಣಿಯಲ್ಲೇ ರೋಗ ಬಂದವರನ್ನು, ಆಮೇಲೆ ರಕ್ತ ಕೊಟ್ಟಿದ್ದ ರೋಗ ಬಾರದವರ ಪಕ್ಕಕ್ಕೆ ಇಟ್ಟೆ. ಗುರುತು ಎರಡೂ ಕಡೆ ಒಂದೇ ಪ್ರಮಾಣದಲ್ಲಿತ್ತು. ರೋಗಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ಎದ್ದು ಹೊರಗೆ ಹೋಗಿ ಚೀಲಗಟ್ಟೆಯ ಮೇಲೆ ಕುಳಿತು ಚೀಲ ಬರಿದು ಮಾಡಿದೆ, ಮತ್ತೆ ಒಳಗೆ ಬಂದು ಇನ್ನೊಮ್ಮೆ ಮಾಡಿದೆ. ಅದೇ ಉತ್ತರ ಬಂತು.

ಹಾಗಾದರೆ ನಿಮ್ಮನ್ನು ಕೊಂದದ್ದು ಏನು? ಅದನ್ನು ನೀನೇ ಹೇಳಿದ್ದೀಯ. ಓದು ಬಾರದವರ ಒಪ್ಪಿಗೆಯನ್ನು ಆಗ ದನಿಯಲ್ಲಿ ಹಿಡಿದಿಡುತ್ತಿದ್ದರು. ನಿನ್ನ ರಕ್ತದ ಜೊತೆಗೆ ನಿನ್ನ ದನಿಯೂ ಉಳಿದಿದೆ. ನನ್ನ ಅಜ್ಜಿಯ ದನಿಯ ಹಾಗೆಯೇ ಇದೆ, ಸ್ವಲ್ಪ ಒಡಕು. ಕೇಳುವವಳು ದೊಡ್ಡಾಸ್ಪತ್ರೆಯ ಎಳೆಯ ಹುಡುಗಿ, ದಕ್ಷಿಣದ ಕಡೆಯವಳು, ಪ್ರೀತಿಯಿಂದಲೇ ಕೇಳುತ್ತಾಳೆ.

"ಏನು ಕೆಲಸ ಮಾಡ್ತೀರಮ್ಮ?"

ನೀನು ಬಾಯಿ ತೆರೆಯುವುದರೊಳಗೆ ನಿನ್ನ ಗಂಡ ಸಂಕಪ್ಪ ಹೇಳುತ್ತಾನೆ: "ಆಕಿ ಏನ್ ಮಾಡ್ತಾಳ್ರೀ, ಮನ್ಯಾಗ ಇರ್ತಾಳ. ಮಗ್ಗ ನಂದೈತಿ."

"ಕೈಯೆಲ್ಲ ಯಾಕೆ ಇಷ್ಟು ಕೆಂಪಗಿದೆ?"

"ಮದರಂಗಿರೀ. ಮೊನ್ನೆ ಮನ್ಯಾಗ ಲಗ್ನ ಇತ್ತು."

"ನಿಮ್ಮನ್ನಲ್ಲ, ಅಮ್ಮನ್ನ ಕೇಳ್ತಿರೋದು. ಏನಮ್ಮ, ಮದರಂಗೀನಾ?"

ಬಳೆಗಳ ಸದ್ದು ಕೇಳಿಸುತ್ತದೆ, ಕೈ ಸೆರಗಿನೊಳಗೆ ಎಳೆದುಕೊಂಡೆಯೋ ಏನೋ. ಆಮೇಲೆ ನೀನು ಹೇಳುತ್ತೀಯ: "ಹೂನ್ರೀ. ಅವ್ರು ಹೇಳಿದ್ದ ಖರೇರಿ."

ಪ್ರಶ್ನೆಗಳು ಮುಗಿಯುತ್ತವೆ. ಕುರ್ಚಿ ಎಳೆದ ಸದ್ದು. ದನಿ ಹಿಡಿಯುವ ಯಂತ್ರವನ್ನು ಆ ಹುಡುಗಿ ಇನ್ನೂ ನಿಲ್ಲಿಸಿಲ್ಲ. ನೀನು ಗಂಡನಿಗೆ ಮೆಲ್ಲಗೆ ಹೇಳುತ್ತೀಯ: "ಲಗೂ ನಡೀರಿ. ನಾಳೆ ನೂಲಿನ ಲಡಿ ಎಲ್ಲಾ ಕೆಂಪ ಬಣ್ಣಕ್ಕ ಹಾಕೂದೈತಿ. ಪುಡಿ ಬ್ಯಾರೆ ತೀರೇತಿ."

ನಾನು ಆ ಮಾತನ್ನು ಎಷ್ಟು ಸಲ ಕೇಳಿದೆನೋ. ಆಮೇಲೆ ಉಳಿದ ಹೆಂಗಸರ ದನಿಗಳನ್ನೂ ಕೇಳಿದೆ. ಒಬ್ಬಳು ಹಂಡೆಯ ಹೊಗೆಗೆ ಕಣ್ಣು ಉರಿಯುತ್ತದೆ ಎನ್ನುತ್ತಾಳೆ, ಇನ್ನೊಬ್ಬಳು ಬಣ್ಣದ ನೀರಿನಲ್ಲಿ ಕೈ ಹಾಕಿ ಹಾಕಿ ಉಗುರು ಉದುರಿದವು ಎನ್ನುತ್ತಾಳೆ, ಮುಂದಿನ ಮಾತಿನಲ್ಲೇ ಕೆಲಸವಿಲ್ಲ ಎನ್ನುತ್ತಾಳೆ. ಒಣಗಿದ ನೂಲು ಮಗ್ಗಕ್ಕೆ ಹೋದ ಮೇಲೆ ಗಂಡಸರ ಕೆಲಸ. ಅಲ್ಲಿಯ ತನಕ ಕುದಿಯುವ ಬಣ್ಣದ ಹಂಡೆಯ ಮುಂದೆ ಬರಿಗೈಯಲ್ಲಿ ಲಡಿ ತಿರುವಿ ಹಾಕುತ್ತ, ಅದೇ ಕೈಯಲ್ಲಿ ರೊಟ್ಟಿ ಬಡಿದು ತಿನ್ನುತ್ತಿದ್ದವರು ನೀವು. ಆ ಪುಡಿ ಮೈಯೊಳಗೆ ಹೋಗಿ ಮೂತ್ರಕೋಶದಲ್ಲಿ ನಿಂತು ಗಂಟಾಯಿತು. ಬಣ್ಣದ ಪುಡಿಗಳಿಂದ ಈ ರೋಗ ಬರುತ್ತದೆ ಎಂಬುದು ನಿನ್ನ ಕಾಲದ ವೈದ್ಯರಿಗೆ ಗೊತ್ತಿಲ್ಲದ ಮಾತೇನಲ್ಲ. ನೀವು ಬಣ್ಣ ಹಾಕುತ್ತೀರಿ ಎಂಬುದು ಗೊತ್ತಿರಲಿಲ್ಲ, ಅಷ್ಟೇ. ಹೆಂಡತಿಯಿಂದ ದುಡಿಸಿ ಉಣ್ಣುತ್ತಾನೆ ಎಂದು ಜನ ಆಡಿಕೊಂಡಾರು ಎಂದು ಸಂಕಪ್ಪ ಹೆದರಿದ. ಗಂಡನ ಮಾತನ್ನು ಪರರ ಮುಂದೆ ಅಲ್ಲಗಳೆಯಬಾರದೆಂದು ನೀನು ಸುಮ್ಮನಾದೆ. ಆ ಹುಡುಗಿ ನಿನ್ನ ಕೈ ನೋಡಿದಳು, ಅನುಮಾನವೂ ಪಟ್ಟಳು, ಮುಂದೆ ಇನ್ನೂ ಸಾಲು ಇತ್ತೆಂದು ಬಿಟ್ಟಳು. ನಿಮ್ಮ ಮೂವರ ಮರ್ಯಾದೆಗೆ ನಮ್ಮ ಏಳು ತಲೆಮಾರಿನ ಹೊಟ್ಟೆ ಬಲಿಯಾಯಿತು. ಕಂಪ್ಯೂಟರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಕೊಟ್ಟದ್ದನ್ನು ಅದು ಎಣಿಸಿತು. ಅದನ್ನು ನಂಬಿ, ಬಸ್ಸು ಹತ್ತಿ ಒಂದು ಸಲವೂ ನಮ್ಮ ಓಣಿಗೆ ಬಂದು ನೋಡದವರನ್ನು ಬೈಯುತ್ತೇನೆ. ಬಂದಿದ್ದರೆ ಹಿತ್ತಿಲ ಹಂಡೆಗಳು ಕಣ್ಣಿಗೆ ಬೀಳುತ್ತಿದ್ದವು, ಚರಂಡಿಯಲ್ಲಿ ಹರಿಯುವ ಕೆಂಪು ನೀರು ಕಾಲಿಗೆ ತಗಲುತ್ತಿತ್ತು.

ಇದನ್ನೆಲ್ಲ ತೆಗೆದುಕೊಂಡು ಗುರುತುಪಾಲಕನ ಬಳಿಗೆ ಹೋದೆ. ನಮ್ಮ ಓಣಿಯ ಆರೋಗ್ಯ ನೋಡಿಕೊಳ್ಳುವ ಅಧಿಕಾರಿಗೆ ಗುರುತುಪಾಲಕ ಎನ್ನುತ್ತಾರೆ. ಸಭ್ಯ ಮನುಷ್ಯ, ಕೂರಿಸಿ ಪಾನಕ ಕೊಟ್ಟ. ಪೂರ್ತಿ ಕೇಳಿ, "ತಂಗೀ, ಇಷ್ಟು ವರ್ಷದಾಗ ಒಬ್ಬಾಕಿಗೂ ರೋಗ ಬಂದಿಲ್ಲ. ಇದಕ್ಕಿಂತ ಸಾಕ್ಷಿ ಏನ್ ಬೇಕು ನಿನಗ?" ಎಂದ. ಮೂತ್ರಕೋಶವೇ ಇಲ್ಲದವರಿಗೆ ಅಲ್ಲಿ ರೋಗ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅದನ್ನೇ ತಾನೂ ಹೇಳುತ್ತಿರುವುದು ಎಂದು ನಕ್ಕ. ಮುಂಗೊಯ್ಲು ಬೇಡವೆನ್ನುವ ಹಕ್ಕು ತಾಯಿಗೆ ಇದೆಯಂತೆ. ಮಗಳಿಗೆ ಹದಿನೆಂಟಾಗುವ ತನಕ ನನ್ನ ಹೆಬ್ಬೆಟ್ಟಿಲ್ಲದೆ ಅವರು ಚಾಕು ಎತ್ತುವಂತಿಲ್ಲ. ಆದರೆ ಮುಂಗೊಯ್ಲು ಆಗುವ ತನಕ ಅವಳಿಗೆ ಬಾಳಚೀಟಿ, ಅಂದರೆ ರೋಗದ ಭಯವಿಲ್ಲ ಎಂಬ ಸರ್ಕಾರಿ ಚೀಟಿ, ಸಿಗುವುದಿಲ್ಲ. ಬಾಳಚೀಟಿ ಇಲ್ಲದವರಿಗೆ ಹಾಸ್ಟೆಲಿಲ್ಲ, ಊರು ಬಿಟ್ಟು ಹೋಗುವ ಅನುಮತಿಯಿಲ್ಲ, ಓಣಿಯಲ್ಲಿ ಗಂಡು ಸಿಗುವುದಂತೂ ದೂರದ ಮಾತು.

ಮನೆಗೆ ಬಂದು ನೇಸರಿಯನ್ನು ಕೂರಿಸಿ ಎಲ್ಲ ಹೇಳಿದೆ, ನಿನ್ನ ದನಿಯನ್ನೂ ಕೇಳಿಸಿದೆ. ಅವಳು ಹೊಸ ಸೀರೆಯ ಮಡಿಕೆ ಬಿಚ್ಚಿ ನೋಡುತ್ತ ಕುಳಿತಿದ್ದಳು. ಓದುವ ಹುಡುಗಿ, ದಡ್ಡಿಯಲ್ಲ. ತಾಳ್ಮೆಯಿಂದಲೇ ಕೇಳಿದಳು. ಆಮೇಲೆ ಹೇಳಿದಳು: "ಅವ್ವ, ನೀ ಹೇಳೂದೂ ಲೆಕ್ಕಾನ, ಅವ್ರು ಹೇಳಿದ್ದೂ ಲೆಕ್ಕಾನ. ನಾ ಯಾರ್ದು ನಂಬ್ಲಿ?"

ನನ್ನದು ಸರಿ ಎಂದೆ. ಅವರೂ ಹಾಗೇ ಅಂದಿದ್ದರು ಎಂದಳು.

"ನನ್ನ ಗೆಳತ್ಯಾರಿಗೆಲ್ಲಾ ಆಗೇತಿ. ನನಗ ಒಬ್ಬಾಕಿಗೆ ಯಾಕ ಬ್ಯಾಡ? ನಾಳೆ ನನಗ ಆ ರೋಗ ಬಂತಂದ್ರ ನೀ ಉಣ್ತೀಯೇನು ಆ ನೋವಾ?" ಎಂದು ಕೇಳಿ, ಸೀರೆಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು. ನಿನ್ನ ದನಿ ಕೇಳಿ ಅವಳಿಗೆ ಅನ್ನಿಸಿದ್ದು ಒಂದೇ, ಪಾಪ, ಹಳೆಯ ಕಾಲದ ಅಜ್ಜಿ ಎಂದು. ನಿಜ ಹೇಳಬೇಕೆಂದರೆ, ಅವಳು ಆ ಪ್ರಶ್ನೆ ಕೇಳಿದಾಗ ನನಗೂ ಒಂದು ಗಳಿಗೆ ಹೆಬ್ಬೆಟ್ಟು ಒತ್ತಿಬಿಡೋಣ ಎನ್ನಿಸಿತು. ಲೆಕ್ಕ ಮಾಡಿದವಳು ನಾನೇ, ಆದರೂ ಹೆದರಿದೆ. ಭಯ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ.

ಈ ಓಲೆ ನಿನಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತು, ಅಜ್ಜಿ. ಕಲ್ಲಿನ ಕಾಲ ಬಳಿ ಇಟ್ಟದ್ದು ಗಾಳಿಗೆ ಹಾರಿ ಹೋಗುತ್ತದೆ. ಆದರೂ ಎಲ್ಲಾದರೂ, ಹೇಗಾದರೂ, ನೀನು ಆ ಹುಡುಗಿಯ ಮುಂದೆ ಕುಳಿತಿರುವಾಗಲೇ ಇದು ನಿನ್ನ ಕಿವಿಗೆ ಬಿದ್ದರೆ, ಗಂಡನ ಮುಖ ನೋಡಬೇಡ. ಕೈ ಮೇಜಿನ ಮೇಲೆ ಚಾಚಿ, ಇದು ಮದರಂಗಿ ಅಲ್ಲ, ನಾನು ಬಣ್ಣ ಹಾಕುವವಳು, ಅದು ನನ್ನ ಕೆಲಸ ಎಂದು ಹೇಳು. ಸಂಕಪ್ಪ ಮನೆಗೆ ಹೋದ ಮೇಲೆ ಬೈದಾನು, ಬೈಸಿಕೋ. ನಿನ್ನ ಹಾಗೆ ಕೆಲಸವಿಲ್ಲ ಎನ್ನುವ ಹೆಂಗಸರು ನಿನ್ನ ಹಿಂದೆ ಸಾಲಿನಲ್ಲಿ ನಿಂತಿದ್ದಾರೆ, ಅವರಿಗೂ ಹೇಳು. ಮೂರ್ತಿ ಇಲ್ಲದೆ ಹೋದರೆ ಹೋಗಲಿ. ನಿನ್ನನ್ನು ಯಾರೂ ನೆನೆಯದಿದ್ದರೂ ಪರವಾಗಿಲ್ಲ.

ನಾನು ಹೆಬ್ಬೆಟ್ಟು ಒತ್ತುವುದಿಲ್ಲ. ಇದನ್ನು ಬರೆಯುವ ತನಕ ನನಗೇ ಖಾತ್ರಿಯಿರಲಿಲ್ಲ. ಆರತಿಯೂ ಇಲ್ಲ, ಹೋಳಿಗೆಯೂ ಇಲ್ಲ. ಕರೆದವರಿಗೆಲ್ಲ ಬೇಡವೆಂದು ಹೇಳಿ ಬರಬೇಕು. ನೇಸರಿಗೆ ಇನ್ನೂ ಹೇಳಿಲ್ಲ. ಅತ್ತು ರಂಪ ಮಾಡುತ್ತಾಳೆ. ನೀನು ನನ್ನ ತಾಯಿಯೇ ಅಲ್ಲ ಎನ್ನುತ್ತಾಳೆ, ಓಣಿ ಅವಳ ಪರವಾಗಿ ನಿಲ್ಲುತ್ತದೆ. ಎರಡು ವರ್ಷ ಕಳೆದ ಮೇಲೆ ತಾನೇ ಹೋಗಿ ತನ್ನ ಹೆಬ್ಬೆಟ್ಟು ಒತ್ತಿದರೂ ಒತ್ತಬಹುದು, ನಾನು ತಡೆಯಲಾರೆ. ಆದರೆ ನಾಳೆ ಬಿಸಿಲು ಇಳಿದ ಮೇಲೆ ನನ್ನ ಮಗಳು ಎದ್ದು, ನನ್ನ ಮುಖ ನೋಡದೆ, ಬಚ್ಚಲಿಗೆ ಹೋಗಿ ಧಡಾರೆಂದು ಬಾಗಿಲು ಹಾಕಿಕೊಂಡು, ಕುಳಿತು ಉಚ್ಚೆ ಹೊಯ್ದು ಬರುತ್ತಾಳೆ. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತೇನೆ.

ಇತಿ ನಿನ್ನ ಕುಡಿ,
ದವನ